ಎದುರು ಬೆಂಚಿನ ಪಾಲು

ಕಂಪ್ಲಿಯ ಹೊರಗೆ, ಭತ್ತದ ಗದ್ದೆಗಳ ಪಕ್ಕದಲ್ಲಿದ್ದ ಕಾನ್ವೆಂಟಿನ ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದೆ. ಅದನ್ನು ನಡೆಸುತ್ತಿದ್ದವರು ಮಂಗಳೂರು ಕಡೆಯ ಇಬ್ಬರು ಕ್ರೈಸ್ತ ಸನ್ಯಾಸಿನಿ ಸಿಸ್ಟರುಗಳು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು, ಸಂಜೆ ಕೊನೆಯ ರೋಗಿ ಹೋದ ಮೇಲೆ, ಅವರು ಪ್ರಾರ್ಥನೆಯ ಕೋಣೆಯಲ್ಲಿ ಎದುರುಬದುರು ಬೆಂಚುಗಳಲ್ಲಿ ಕೂತು ಬೈಬಲಿನ ಕೀರ್ತನೆಗಳನ್ನು ಹೇಳುತ್ತಿದ್ದರು. ಒಂದು ಚರಣ ಒಬ್ಬರದು, ಮುಂದಿನದು ಇನ್ನೊಬ್ಬರದು. ಟ್ರೇಗಳನ್ನು ತೊಳೆದಿಡುತ್ತಾ ನಾನು ಕೇಳಿಸಿಕೊಳ್ಳುತ್ತಿದ್ದೆ.

ಕಿರಿಯ ಸಿಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹಿರಿಯ ಸಿಸ್ಟರ್ ಒಂದು ಚರಣ ಮುಗಿಸಿ, ರೂಢಿಯಂತೆ ನಿಲ್ಲುತ್ತಿದ್ದರು. ಎದುರಿನಿಂದ ಏನೂ ಬರದಾಗ ತಾವೇ ಮುಂದುವರಿಸುತ್ತಿದ್ದರು. ಒಂದು ಸಂಜೆ ನನ್ನ ಬಳಿ ಬಂದರು.

"ಆಚೆ ಬದಿ ಕೂತು ಹೇಳ್ತೀರಾ? ಒತ್ತಾಯ ಇಲ್ಲ."

"ನಾ ನಿಮ್ಮ ಧರ್ಮದಾಕಿ ಅಲ್ಲಲ್ರಿ ಸಿಸ್ಟರ್."

"ಅದು ಗೊತ್ತುಂಟು. ಒಬ್ಬಳೇ ಹೇಳಿದರೂ ಆಗ್ತದೆ. ಆದರೆ ಮನಸ್ಸಿಗೆ ಸಾಕಾಗುವುದಿಲ್ಲ."

ದೀಪ ಹಚ್ಚುವ ಹೊತ್ತಿಗೆ ಸೊಸೆ ಮನೆಯಲ್ಲಿರಬೇಕು ಎನ್ನುವವರು ನಮ್ಮತ್ತೆ. ಅವರಿಗೆ ವಿಷಯ ಹೇಳಿದೆ. "ವಯಸ್ಸಾದಾಕಿ ಒಬ್ಬಾಕಿನ ಹೆಂಗ ಕುಂದ್ರಬೇಕು? ಹೇಳಿ ಬಾ. ದೀಪ ನಾ ಹಚ್ತೀನಿ" ಎಂದರು.

ಹಾಗೆ ಶುರುವಾಯಿತು. ಪುಸ್ತಕದಲ್ಲಿ ಸಾಲಿನ ನಡುವೆ ನಕ್ಷತ್ರದ ಗುರುತಿದ್ದಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಸಿಸ್ಟರ್ ಕಲಿಸಿದರು. ಪೀಠದ ಮೇಲಿನ ಬಟ್ಟೆ ನೇರಳೆಯಾಗುವ ಉಪವಾಸದ ದಿನಗಳಲ್ಲಿ, ಬಾಯಿಪಾಠದ ಭರದಲ್ಲಿ ನಾನು 'ಅಲ್ಲೆಲೂಯ' ಎಂದುಬಿಟ್ಟರೆ ನಗುತ್ತಾ ಕೈ ಅಡ್ಡ ಹಿಡಿಯುತ್ತಿದ್ದರು. "ಅದು ಈಸ್ಟರಿಗೆ. ಅಲ್ಲಿವರೆಗೆ ಕಾಯಬೇಕು."

ಅದೇ ವರ್ಷ ನನ್ನ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಮತ್ತೆ ಕೆಲಸಕ್ಕೆ ಬಂದ ದಿನದ ಕೀರ್ತನೆ ದೇವರನ್ನೇ ದೂರುವಂಥದ್ದು. ಎಲ್ಲಿ ಹೋದೆ, ಯಾಕೆ ಮುಖ ಮರೆಸಿಕೊಂಡೆ ಎಂದು ಕೇಳುವ ಸಾಲು ನನ್ನ ಪಾಲಿಗೆ ಬಂತು. ಅದು ಅರ್ಧಕ್ಕೇ ನಿಂತಿತು. ಸಿಸ್ಟರ್ ನನ್ನ ಸಾಲನ್ನು ತಾವು ಹೇಳಲಿಲ್ಲ, ಪುಸ್ತಕವನ್ನೂ ಮುಚ್ಚಲಿಲ್ಲ. ಹೊರಗೆ ಪೂರ್ತಿ ಕತ್ತಲಾಗುವವರೆಗೆ ಕಾದರು. ಆಮೇಲೆ ನಾನು ಹೇಳಿದೆ. ಅವರು ಮುಂದಿನದನ್ನು ಹೇಳಿದರು. ಮನೆಯಲ್ಲಿ ಎಲ್ಲರೂ ಸಮಾಧಾನ ಹೇಳಿದ್ದರು. ನಾನು ಅತ್ತದ್ದು ಮಾತ್ರ ಆ ಬೆಂಚಿನಲ್ಲಿ.

ಕೆಲವು ವರ್ಷಗಳ ಮೇಲೆ ಆಸ್ಪತ್ರೆ ಮುಚ್ಚಿತು. ಸಿಸ್ಟರನ್ನು ಹೊಸಪೇಟೆಯಲ್ಲಿ ರೈಲು ಹತ್ತಿಸಿ ಬಂದೆ.

ಈಗ ನನ್ನ ಕೆಲಸ ಹೊಸಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ, ಕಂಪ್ಲಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಸಂಜೆಯಾದರೆ ತುಟಿ ತಾನಾಗಿ ಅಲುಗುತ್ತದೆ, ಬರುವುದು ನನ್ನ ಪಾಲಿನ ಸಾಲುಗಳಷ್ಟೇ. ಒಂದು ಭಾನುವಾರ ಇಲ್ಲಿನ ಚರ್ಚಿಗೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪೂಜೆ ಚೆನ್ನಾಗಿತ್ತು, ಹಾಡೂ ಚೆನ್ನಾಗಿತ್ತು. ನಾನು ಹುಡುಕಿಕೊಂಡು ಹೋದದ್ದು ಅದಾಗಿರಲಿಲ್ಲ.

ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಸಿಸ್ಟರಿಗೆ ಫೋನ್ ಮಾಡಿದೆ. ವಯಸ್ಸಾದ ಸಿಸ್ಟರುಗಳ ಮನೆಯಲ್ಲಿದ್ದಾರೆ.

"ಪ್ರಾರ್ಥನಿಗೆ ಜೊತಿ ಅದಾರೇನ್ರಿ?"

"ಇದ್ದಾರೆ, ಇದ್ದಾರೆ. ಎರಡೂ ಬದಿ ಬೆಂಚು ತುಂಬಿರ್ತದೆ."

"ಭಾಳ ಚಲೋ ಆತು ಬಿಡ್ರಿ" ಎಂದೆ. ನಿಜವಾಗಿಯೂ ಸಂತೋಷವಾಗಿತ್ತು.

ಫೋನಿನ ಆಚೆ ಪ್ರಾರ್ಥನೆಯ ಗಂಟೆ ಹೊಡೆಯಿತು. "ಕರೀತಿದ್ದಾರೆ, ಹೋಗ್ತೇನೆ" ಎಂದು ಫೋನ್ ಇಟ್ಟರು. ಅಷ್ಟರಲ್ಲಿ ಕಂಪ್ಲಿಯ ಬಸ್ಸು ಬಂತು. ಸೀಟೂ ಇತ್ತು. ನಾನು ಎದ್ದೇಳಲಿಲ್ಲ. ಅಲ್ಲಿ ಪ್ರಾರ್ಥನೆ ಮುಗಿಯುವಷ್ಟು ಹೊತ್ತು ನನ್ನ ಪಾಲಿನ ಸಾಲುಗಳನ್ನು ಹೇಳಿಕೊಂಡು, ಮುಂದಿನ ಬಸ್ಸಿಗೆ ಹೋದೆ.