ಕೂತೇ ಫೋಟೋ ತೆಗೆಯುತ್ತಿದ್ದ ಸಾಮಿ

ಕಳೆದ ಶುಕ್ರವಾರ ಬೆಳಿಗ್ಗೆ, ದೋಹಾದ ಅಲ್ ಮುಂತಜಾದಲ್ಲಿರುವ ನಮ್ಮ ಫ್ಲಾಟಿನಲ್ಲಿ, ನನ್ನ ಹೆಂಡತಿಯ ತಮ್ಮ ಸದಾನಂದನ ಮೊಮ್ಮಗನಿಗೆ ಮೊದಲ ಅನ್ನ ತಿನ್ನಿಸುವ ಶಾಸ್ತ್ರ ನಡೆಯಿತು. ತಿನ್ನಿಸಬೇಕಾದ ಅಜ್ಜ ಸದಾನಂದ ಮೆಸಯೀದಿನ ಕಾರ್ಖಾನೆಯಲ್ಲಿ ದುರಸ್ತಿಯ ಷಟ್‌ಡೌನ್ ಕೆಲಸಕ್ಕೆ ಸಿಕ್ಕಿಬಿದ್ದಿದ್ದ. "ಭಾವ, ನನ್ನ ಬದಲಿಗೆ ನೀವೇ ತಿನ್ನಿಸಿ" ಎಂದು ಫೋನಿನಲ್ಲಿ ಹೇಳಿದ್ದ. ನಾನು ತಿನ್ನಿಸಿದೆ. ಬಲಗೈಯಲ್ಲಿ.

ಕೊನೆಯ ಮಾತನ್ನು ಬೇರೆಯಾಗಿ ಬರೆಯಬೇಕಾಗಿ ಬಂದದ್ದು ನನ್ನ ಮೊಮ್ಮಗಳಿಂದ. ಅವಳು ತನ್ನ ಮುಖವನ್ನೂ ಸೇರಿಸಿಕೊಂಡು ಒಂದು ಸೆಲ್ಫಿ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು. ಅವಳ ಫೋನು ಕನ್ನಡಿಯ ಹಾಗೆ ಎಡವನ್ನು ಬಲ ಮಾಡುವ ಜಾತಿಯದು. ಚಿತ್ರದಲ್ಲಿ ನಾನು ಎಡಗೈಯಿಂದ, ನಗುನಗುತ್ತಾ, ಮಗುವಿನ ಬಾಯಿಗೆ ಅನ್ನ ಇಡುತ್ತಿದ್ದೇನೆ. ಐದು ನಿಮಿಷದಲ್ಲಿ ಮೆಸಯೀದಿನಿಂದ ಮೆಸೇಜ್ ಬಂತು: "ಎಡಗೈಯಲ್ಲಿ ತಿನ್ನಿಸಿದ್ದಾ ಭಾವ?" ಮೊಮ್ಮಗಳು ಚಿತ್ರ ತಿರುಗಿಸಿ ಮತ್ತೆ ಹಾಕಿದಳು. ನಾನು ಮೂರು ವಾಕ್ಯಗಳ ತಿದ್ದುಪಡಿ ಬರೆದೆ: ಮೇಲಿನ ಚಿತ್ರ ತಾಂತ್ರಿಕ ಕಾರಣದಿಂದ ತಿರುಗುಮುರುಗಾಗಿದೆ, ವಾಸ್ತವದಲ್ಲಿ ಬಳಸಿದ್ದು ಬಲಗೈ, ಓದುಗರು ಗಮನಿಸಬೇಕು. "ಓದುಗರು" ಎಂದು ಯಾಕೆ ಬರೆದೆನೋ ಗೊತ್ತಿಲ್ಲ. ಹೆಂಡತಿ ನಕ್ಕಳು. ಸದಾನಂದ ಓದಿದ್ದಾನೆ ಎಂದು ನೀಲಿ ಗೀಟು ತೋರಿಸಿತು. ಉತ್ತರ ಬರಲಿಲ್ಲ.

ಜೀವಮಾನವಿಡೀ ಪತ್ರಿಕೆಯ ಮೇಜಿನ ಹಿಂದೆ ಕೂತವನಿಗೆ ಇದಕ್ಕಿಂತ ರೇಗಿಸುವ ಸಂಗತಿ ಬೇರೊಂದಿಲ್ಲ. ತಪ್ಪು ಯಾವುದೆಂದು ಹೇಳಿದ್ದೇನೆ, ಸರಿ ಯಾವುದೆಂದು ಹೇಳಿದ್ದೇನೆ, ಪುರಾವೆ ಲಗತ್ತಿಸಿದ್ದೇನೆ. ಇನ್ನೇನು ಬೇಕು ಈ ಮನುಷ್ಯನಿಗೆ? ಹೀಗೆ ಗೊಣಗುತ್ತಾ ಕೂತಿರುವಾಗ ನೆನಪಾದವನು ಸಾಮಿ. ಗೊಣಗುವಾಗ ಅವನು ನೆನಪಾಗುವುದು ಸಹಜವೇ. ತೊಂಬತ್ತರ ದಶಕದಲ್ಲಿ ನಾನು ಗೊಣಗಿದ್ದರಲ್ಲಿ ಅರ್ಧ ಅವನ ಬಗ್ಗೆಯೇ.

ಪೂರ್ತಿ ಹೆಸರು ಗೋವಿಂದಸಾಮಿ. ಫಿಜಿ ದ್ವೀಪದವನು. ಮುತ್ತಜ್ಜ ಕಬ್ಬಿನ ಗದ್ದೆಯ ಕೂಲಿಗೆಂದು ಮದರಾಸಿನಿಂದ ಹಡಗು ಹತ್ತಿದವರಂತೆ. ಅಷ್ಟು ಬಿಟ್ಟರೆ ನಮ್ಮ ಕಡೆಯ ಗುರುತು ಅವನಲ್ಲಿ ಉಳಿದಿದ್ದು ಹೆಸರೊಂದೇ. ಅಲ್ಲಿನ ಪತ್ರಿಕೆಯೊಂದರಲ್ಲಿ ಬಹಳ ವರ್ಷ ಫೋಟೋಗ್ರಾಫರ್ ಆಗಿದ್ದು, ಯಾವುದೋ ಏಜೆಂಟನ ಮೂಲಕ ನಮ್ಮ ದೋಹಾದ ಇಂಗ್ಲಿಷ್ ಪತ್ರಿಕೆಗೆ ಬಂದಿದ್ದ. ಅವನ ಹಿಂದಿ ಯಾವ ಹಿಂದಿಯೂ ಅಲ್ಲ. ನನ್ನ ಮಂಗಳೂರು ಹಿಂದಿಯೂ ಅಂಥದ್ದೇ ಆದ್ದರಿಂದ ನಮಗೆ ಪರಸ್ಪರ ಚೆನ್ನಾಗಿ ಅರ್ಥವಾಗುತ್ತಿತ್ತು.

ಆಗಿನ ಕೆಲಸ ಹೇಗಿತ್ತೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಫೋಟೋಗ್ರಾಫರ್ ಬೆಳಿಗ್ಗೆ ಒಂದು ಬ್ಯಾಂಕಿನ ರಿಬ್ಬನ್, ಮಧ್ಯಾಹ್ನ ಒಂದು ದೂತಾವಾಸದ ಹಸ್ತಲಾಘವ, ಸಂಜೆ ಫುಟ್‌ಬಾಲ್ ಮುಗಿಸಿ ಫಿಲ್ಮ್ ರೋಲು ತಂದು ಕತ್ತಲಕೋಣೆಗೆ ಕೊಡಬೇಕು. ಅದು ತೊಳೆದು, ಒಣಗಿ, ಕಾಗದದ ಮೇಲೆ ಮೂಡಿ, ಪುಟ ಕಟ್ಟುವವನ ಕೈಗೆ ಬಂದು, ಅವನು ಬ್ಲೇಡಿನಲ್ಲಿ ಕತ್ತರಿಸಿ ಮೇಣ ಹಚ್ಚಿ ಅಂಟಿಸಬೇಕು. ಅಲ್ಲಿಯವರೆಗೆ ಪುಟದಲ್ಲಿ ಚಿತ್ರದ ಜಾಗ ಖಾಲಿ. ಆ ಖಾಲಿ ಚೌಕವನ್ನು ನೋಡುತ್ತಾ ಕೂರುವವನು ನಾನು. ಬೇಸಿಗೆಯಲ್ಲಿ ಕಾರಿನೊಳಗೆ ಫಿಲ್ಮ್ ಹಾಳಾಗುತ್ತದೆಂದು ಸಾಮಿ ರೋಲುಗಳನ್ನು ಐಸ್ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಅದೇ ಪೆಟ್ಟಿಗೆಯಲ್ಲಿ ಅವನ ಊಟದ ಮೀನೂ ಇರುತ್ತಿತ್ತು. ಮಂತ್ರಿಗಳ ಚಿತ್ರ ನನ್ನ ಮೇಜಿಗೆ ಬರುವಾಗ ಬಂಗುಡೆಯ ವಾಸನೆಯೊಂದಿಗೆ ಬರುತ್ತಿತ್ತು.

ಮೀನಾದರೂ ಬೇಗ ಬಂದಿದ್ದರೆ ಸಹಿಸಬಹುದಿತ್ತು. ಸಾಮಿ ಬರುತ್ತಲೇ ಇರಲಿಲ್ಲ. ಉಳಿದ ಫೋಟೋಗ್ರಾಫರುಗಳು ಹೋಗಿ, ಎರಡು ಸಲ ಫ್ಲಾಷ್ ಹೊಡೆದು, ಯಲ್ಲಾ ಎಂದು ಹೊರಡುವವರು. ಇವನು ಹೋದಲ್ಲಿ ಕೂರುತ್ತಿದ್ದ. ಮೊದಲು ಕೂತು, ಕೊಟ್ಟದ್ದನ್ನು ಕುಡಿದು, ಮನೆಯವರ ಕುಶಲ ಕೇಳಿ, ಆಮೇಲೆ ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯುವುದು. ತೆಗೆದ ಮೇಲೂ ಏಳುತ್ತಿರಲಿಲ್ಲ. ಕೂತಲ್ಲಿಂದಲೇ ಫೋಟೋ. ಅವನ ಚಿತ್ರಗಳಲ್ಲಿ ಎಲ್ಲರೂ ತಾಳೆಮರದಷ್ಟು ಎತ್ತರ. ಮುಂಭಾಗದಲ್ಲಿ ಚಪ್ಪಲಿ, ರತ್ನಗಂಬಳಿ, ಖರ್ಜೂರದ ತಟ್ಟೆ.

"ನಿನಗೆ ಕಾಲಿಲ್ಲವಾ?" ಎಂದು ಒಮ್ಮೆ ಕೇಳಿದೆ.

"ನಮ್ಮಲ್ಲಿ ಹಿರಿಯರು ಕೂತಿರುವಾಗ ನಿಂತರೆ ಹೊರಗೆ ಹಾಕ್ತಾರೆ ಭಯ್ಯಾ," ಎಂದ. "ನಾಳೆ ಅದೇ ಊರಿಗೆ ಮತ್ತೆ ಹೋಗಬೇಕಲ್ಲ."

ಅವನ ದೇಶದಲ್ಲಿ ಒಂದು ಸುದ್ದಿಗೆ ಹೋಗುವುದೆಂದರೆ ಕೊಬ್ಬರಿ ಸಾಗಿಸುವ ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಗುವುದಂತೆ. ಇಳಿದೊಡನೆ ಒಂದು ಕಟ್ಟು ಒಣ ಬೇರನ್ನು ಊರ ಮುಖಂಡನ ಮುಂದೆ ಇಟ್ಟು, ಅದರ ಕಷಾಯವನ್ನು ತೆಂಗಿನ ಚಿಪ್ಪಿನಲ್ಲಿ ಅವರೊಂದಿಗೆ ಕುಡಿಯಬೇಕು. ಕುಡಿದ ಮೇಲೆ ಸುದ್ದಿ. ಚಂಡಮಾರುತದಲ್ಲಿ ಮನೆಯೇ ಹಾರಿಹೋದವರೂ ಮೊದಲು ಚಾಪೆ ಹಾಸುತ್ತಿದ್ದರಂತೆ. ವರದಿಗಾರನಿಗೂ ಫೋಟೋಗ್ರಾಫರನಿಗೂ ಅರ್ಧ ದೇಶ ನೆಂಟರು. ಒಮ್ಮೆ ಅವನ ಪತ್ರಿಕೆ ಸತ್ತವನ ಚಿತ್ರದ ಕೆಳಗೆ ಬದುಕಿದ್ದವನ ಹೆಸರು ಹಾಕಿಬಿಟ್ಟಿತು. ಮಾರನೆಯ ದಿನ ಸಂಪಾದಕರಿಂದ ಹಿಡಿದು ಸಾಮಿಯವರೆಗೆ ಎಲ್ಲರೂ ಆ ಮನೆಗೆ ಹೋಗಿ, ಅಲ್ಲಿ ಕ್ಷಮೆ ಕೇಳುವ ಪದ್ಧತಿಯಂತೆ ತಿಮಿಂಗಿಲದ ಹಲ್ಲೊಂದನ್ನು ಮುಂದಿಟ್ಟು, ತಲೆ ತಗ್ಗಿಸಿ ಕೂತರು. ಮನೆಯವರು ಅದನ್ನು ಎತ್ತಿಕೊಳ್ಳುವವರೆಗೆ ಯಾರೂ ಏಳುವಂತಿಲ್ಲ.

"ತಿದ್ದುಪಡಿ ಹಾಕಲಿಲ್ಲವಾ?" ನನಗೆ ಬೇಕಾಗಿದ್ದು ಅದು.

"ಹಾಕಿದೆವು. ಅದು ಬೇರೆಯವರಿಗೆ."

ಅವನೊಂದಿಗೆ ವಾದ ಮಾಡುವುದು ಮರಳಿಗೆ ನೀರು ಹೊಯ್ದ ಹಾಗೆ.

ಹೀಗಿರುವಾಗ ಒಂದು ಚಳಿಗಾಲದಲ್ಲಿ, ಪಟ್ಟಣದ ಹಿರಿಯ ವ್ಯಾಪಾರಿಯೊಬ್ಬರು ತಮ್ಮ ಮಜ್ಲಿಸಿನಲ್ಲಿ, ಎಂದರೆ ಅತಿಥಿಗಳನ್ನು ಕೂರಿಸುವ ಚಾವಡಿಯಲ್ಲಿ, ವಿದೇಶದ ನಿಯೋಗವೊಂದನ್ನು ಬರಮಾಡಿಕೊಂಡರು. ಅವರನ್ನು ಅಬು ನಾಸರ್ ಎಂದು ಕರೆಯೋಣ. ಸಾಮಾನ್ಯವಾಗಿ ಗಹ್ವಾ, ಅಂದರೆ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಹಂಚುವುದು ಮನೆಯ ಆಳುಗಳು. ಆ ದಿನ ಯಜಮಾನರೇ ಎದ್ದು, ಕೊಕ್ಕಿನ ಹೂಜಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಬಟ್ಟಲನ್ನು ಅತಿಥಿಗೆ ಕೊಟ್ಟರು. ಅದು ದೊಡ್ಡ ಗೌರವ. ಸಾಮಿ ಅದನ್ನು ಕೂತಲ್ಲಿಂದಲೇ ಕ್ಯಾಮೆರಾದಲ್ಲಿ ಹಿಡಿದ. ಮಾಮೂಲಿನಂತೆ ಆಫೀಸಿಗೆ ತಡವಾಗಿ ಬಂದ.

ಮರುದಿನ ಪುಟದಲ್ಲಿ ಅಬು ನಾಸರ್ ಎಡಗೈಯಿಂದ ಗಹ್ವಾ ಕೊಡುತ್ತಿದ್ದರು. ಅತಿಥಿ ಎಡಗೈಯಿಂದ ತೆಗೆದುಕೊಳ್ಳುತ್ತಿದ್ದರು.

ಎಡಗೈಯಲ್ಲಿ ಕೊಡುವುದೆಂದರೆ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಅದು ನಮ್ಮೂರಿಗಿಂತ ಒಂದು ತೂಕ ಹೆಚ್ಚು. ಬೆಳಿಗ್ಗೆಯಿಂದ ಫೋನು ನಿಲ್ಲಲಿಲ್ಲ. ಚಿತ್ರದಲ್ಲಿ ಇದ್ದವರು ಇಬ್ಬರೇ. ಒಬ್ಬರದು ಬಿಳಿ ನಿಲುವಂಗಿ, ಒಬ್ಬರದು ಸೂಟು. ಯಾರು ಎಡ, ಯಾರು ಬಲ ಎಂದು ಕೆಳಗೆ ಬರೆಯುವ ಅಗತ್ಯವೇ ಇರಲಿಲ್ಲವಾದ್ದರಿಂದ ಚಿತ್ರ ತಿರುಗಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಿರುಗಿಸಿದವನು ಖಾದರ್. ಪುಟ ಕಟ್ಟುವವನು, ಉಳ್ಳಾಲದ ಬ್ಯಾರಿ ಹುಡುಗ. ಚಹಾದ ಕೋಣೆಯಲ್ಲಿ ನನ್ನನ್ನು ಮೂಲೆಗೆ ಕರೆದ.

"ಎಂತ ಮಾಡುದು ಮಾರಾಯ್ರೆ? ಅಜ್ಜನ ಮುಖ ಪುಟದ ಹೊರಗೆ ನೋಡ್ತಿತ್ತು. ಮುಖ ಯಾವಾಗಲೂ ಪುಟದ ಒಳಗೆ ನೋಡ್ಬೇಕು ಅಂತ ನೀವೇ ಹೇಳಿಕೊಟ್ಟದ್ದಲ್ವಾ? ಹಾಗೆ ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿಸಿದೆ."

"ಕೈ ನೋಡಲಿಲ್ಲವಾ ನೀನು?"

"ಕೈ ಯಾರು ನೋಡ್ತಾರೆ ಸರ್? ನೀವು ನೋಡಿದ್ರಾ?"

ಅವನ ಹೆಂಡತಿ ಮಕ್ಕಳಿಗೆ ವೀಸಾ ಸಿಕ್ಕಿ, ಅವರು ಬಂದಿಳಿದದ್ದು ಆ ವಾರವೇ. ಮಗು ವಿಮಾನದಲ್ಲಿ ಒಂದೇ ಸಮನೆ ಅತ್ತ ಕಥೆಯನ್ನು ಆಫೀಸಿನ ಎಲ್ಲರಿಗೂ ಎರಡೆರಡು ಸಲ ಹೇಳಿದ್ದ.

ಸಂಪಾದಕರು ನನ್ನನ್ನೂ ಸಾಮಿಯನ್ನೂ ಕರೆದರು. "ತಿದ್ದುಪಡಿ ಹಾಕುವ ಹಾಗಿಲ್ಲ. 'ಅವರು ಎಡಗೈಯಲ್ಲಿ ಕೊಡಲಿಲ್ಲ' ಅಂತ ಬರೆದರೆ ನೋಡದವರೂ ನೋಡ್ತಾರೆ. ಅಬು ನಾಸರ್ ಕಡೆಯವರಿಗೆ ತಪ್ಪು ಮಾಡಿದವನೆಂದು ಒಂದು ಹೆಸರು ಬೇಕು. ನಾಳೆಯೊಳಗೆ ಒಬ್ಬರನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಬೇಕು. ಖಲಾಸ್." ಚಿತ್ರದ ಕೆಳಗಿದ್ದ ಹೆಸರು ಸಾಮಿಯದು. ಅವನ ಇಬ್ಬರು ಹೆಣ್ಣುಮಕ್ಕಳು ಫಿಜಿಯಲ್ಲಿ ಅವನ ದುಡ್ಡಿನಲ್ಲೇ ನರ್ಸಿಂಗ್ ಓದುತ್ತಿದ್ದರು.

ನಾನು ಕತ್ತಲಕೋಣೆಗೆ ಹೋಗಿ ನೆಗೆಟಿವ್ ತೆಗೆದುಕೊಂಡೆ. ಬೆಳಕಿಗೆ ಹಿಡಿದರೆ ಸತ್ಯ ಸ್ಪಷ್ಟ: ಬಲಗೈ. ಸಾಮಿ ನಿರ್ದೋಷಿ. ಇದು ನನ್ನ ವೃತ್ತಿ ಕಲಿಸಿದ ದಾರಿ.

"ಅದನ್ನು ತೋರಿಸಿದರೆ ಮುಂದಿನ ಪ್ರಶ್ನೆ ಏನು ಭಯ್ಯಾ?" ಎಂದ ಸಾಮಿ.

"ತಿರುಗಿಸಿದ್ದು ಯಾರು ಅಂತ."

"ಹಾಂ," ಎಂದ. ಕಾರಿನ ಕೀಲಿ ತೆಗೆದುಕೊಂಡು, "ನಡಿ, ಹೋಗಿ ಕೂರೋಣ" ಎಂದ.

ನನಗೆ ಸಿಟ್ಟು ಬಂತು. ಆದರೂ ಹೋದೆ. ಒಬ್ಬನನ್ನೇ ಬಿಟ್ಟರೆ ಈ ಪುಣ್ಯಾತ್ಮ ಅಲ್ಲಿ ಏನು ಒಪ್ಪಿಕೊಂಡು ಬರುತ್ತಾನೋ ಎಂಬ ಭಯ. ನೆಗೆಟಿವ್ ನನ್ನ ಅಂಗಿಯ ಜೇಬಿನಲ್ಲಿತ್ತು. ದಾರಿಯಲ್ಲಿ ಅವನು ಮಲಯಾಳಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಂದು ಚೀಲ ಮರಗೆಣಸು ಕೊಂಡ. ತಿಮಿಂಗಿಲದ ಹಲ್ಲು ದೋಹಾದಲ್ಲಿ ಸಿಗುವುದಿಲ್ಲವಲ್ಲ.

ಅಬು ನಾಸರ್ ನಮ್ಮನ್ನು ನೋಡಿದರು. ಸಲಾಮಿಗೆ ಉತ್ತರ ಕೊಟ್ಟರು. ಅಷ್ಟೇ. ಸಾಮಿ ಬಾಗಿಲ ಹತ್ತಿರದ ಕೆಳಗಿನ ಜಾಗದಲ್ಲಿ ಕೂತು, ಮರಗೆಣಸಿನ ಚೀಲವನ್ನು ಮುಂದೆ ಸರಿಸಿ, ತಲೆ ತಗ್ಗಿಸಿದ. ನಾನೂ ಕೂತೆ. ಬೇರೆ ಅತಿಥಿಗಳು ಬಂದರು, ಗಹ್ವಾ ಕುಡಿದರು, ಹೋದರು. ನಮ್ಮ ಮುಂದೆ ಬಟ್ಟಲು ಬರಲಿಲ್ಲ. ನನ್ನ ಕಾಲು ಜೋಮು ಹಿಡಿಯಿತು. ಆಫೀಸಿನಲ್ಲಿ ನನ್ನ ಮೂರನೆಯ ಪುಟ ಖಾಲಿ ಬಿದ್ದಿತ್ತು. ಇವನ ದೆಸೆಯಿಂದ ಇಷ್ಟು ದಿನ ನನ್ನ ಪುಟ ಕಾಯುತ್ತಿತ್ತು, ಈಗ ನಾನೇ ಬಂದು ಕೂತಿದ್ದೇನೆ ಎಂದು ಹಲ್ಲು ಕಡಿದೆ.

ಕೊನೆಗೆ ಯಜಮಾನರು ಬಾಯಿಬಿಟ್ಟರು. ಹರೆಯದಲ್ಲಿ ಹಾಯಿ ಹಡಗಿನಲ್ಲಿ ಬಂಬಯಿಗೆ ಹೋಗಿ ಬರುತ್ತಿದ್ದವರು. ಹಿಂದಿ ಬರುತ್ತಿತ್ತು.

"ಮಾಡಿದ್ದು ಯಾರು?"

ನನ್ನ ಕೈ ಜೇಬಿಗೆ ಹೋಯಿತು. ಸಾಮಿ ನನ್ನ ಮೊಣಕಾಲ ಮೇಲೆ ಕೈ ಇಟ್ಟ. "ನಮ್ಮ ಪತ್ರಿಕೆ ಮಾಡಿದ್ದು ಬಾಬಾ," ಎಂದ.

"ಇವನ ಜೇಬಲ್ಲಿ ಏನು?"

ಒಂದೇ ಜೇಬಿನಲ್ಲಿ ನೆಗೆಟಿವೂ ಇತ್ತು, ಪೆನ್ನೂ ಇತ್ತು. ಖಾದರನ ಅಳುವ ಮಗು ಎಲ್ಲಿಂದಲೋ ನೆನಪಿಗೆ ಬಂತು. ನಾನು ಪೆನ್ನು ತೆಗೆದು ತೋರಿಸಿದೆ.

ಅವರು ಪೆನ್ನನ್ನೂ ನನ್ನನ್ನೂ ನೋಡಿದರು. ಎದ್ದರು. ಹೂಜಿಯನ್ನು ಎಡಗೈಗೆ ತೆಗೆದುಕೊಂಡು, ಬಟ್ಟಲನ್ನು ಬಲಗೈಯಲ್ಲಿ ಎತ್ತಿ, ಚಾವಡಿಯಲ್ಲಿದ್ದವರೆಲ್ಲ ನೋಡುವಂತೆ ಸಾಮಿಯ ಮುಂದೆ ಹಿಡಿದರು. "ಯಾವ ಕೈ? ನೋಡು. ಹಾಂ, ಇದನ್ನು ತೆಗಿ ಫೋಟೋ. ನಾಳೆ ಇದನ್ನು ಹಾಕು."

"ಕ್ಯಾಮೆರಾ ತಂದಿಲ್ಲ ಬಾಬಾ."

"ಏನು?"

"ಕೆಲಸಕ್ಕೆ ಬಂದದ್ದಲ್ಲ. ಕೂರಲಿಕ್ಕೆ ಬಂದದ್ದು."

ಅಬು ನಾಸರ್ ಬಟ್ಟಲು ಹಿಡಿದವರು ಹಾಗೆಯೇ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನನಗೆ ಚಿರಪರಿಚಿತವಾದ ಒಂದು ಭಾವ ಕಂಡಿತು. ಪ್ರತಿ ಸಂಜೆ ಖಾಲಿ ಚೌಕದ ಮುಂದೆ ಕೂತಾಗ ನನ್ನ ಮುಖದಲ್ಲಿ ಇರುತ್ತಿದ್ದದ್ದು ಅದೇ ಇರಬೇಕು.

"ಫೋಟೋಗ್ರಾಫರ್, ಕ್ಯಾಮೆರಾ ಮಾಫಿ, ಇಲ್ಲವೇ ಇಲ್ಲ! ಇವನ ಜೊತೆ ನೀನು ಕೆಲಸ ಹೇಗೆ ಮಾಡ್ತೀ?"

ಕೇಳಬಾರದಿತ್ತು. ನಾನು ಹೇಳತೊಡಗಿದೆ. ತಡವಾಗಿ ಬರುವುದು, ಮೀನಿನ ವಾಸನೆ, ಮಂತ್ರಿಗಳ ಚಪ್ಪಲಿ, ಹೋದಲ್ಲೆಲ್ಲ ಕೂರುವುದು, ನಿಂತು ಫೋಟೋ ತೆಗೆ ಎಂದು ನಾನು ಹೇಳಿ ಹೇಳಿ ಸೋತದ್ದು, ಎಲ್ಲ. ಎಷ್ಟೋ ವರ್ಷಗಳದ್ದು ಒಟ್ಟಿಗೇ ಹೊರಬಂತು. ಅಬು ನಾಸರ್ ನಡುನಡುವೆ "ವಲ್ಲಾಹ್, ನಿಜವಾ?" ಎನ್ನುತ್ತಿದ್ದರು. ಬಂಗುಡೆಗೆ ಬರುವಾಗ ಅವರ ಭುಜ ಕುಲುಕತೊಡಗಿತು. ಸಾಮಿ ತನ್ನ ಪಾಡಿಗೆ ಗಹ್ವಾ ಕುಡಿದು, ಸಾಕು ಎಂಬುದಕ್ಕೆ ಬಟ್ಟಲನ್ನು ಅಲ್ಲಾಡಿಸಿ ಹಿಂದೆ ಕೊಟ್ಟ. ನನಗೂ ಕೊಟ್ಟರು. ಬಲಗೈಯಲ್ಲಿ. ಹೊರಡುವಾಗ ಮರಗೆಣಸಿನ ಚೀಲ ಒಳಮನೆಗೆ ಹೋಗಿತ್ತು.

ನಾವು ಆಫೀಸು ತಲುಪುವಷ್ಟರಲ್ಲಿ ಸಂಪಾದಕರಿಗೆ ಫೋನು ಬಂದಾಗಿತ್ತು. ಯಾರನ್ನೂ ಊರಿಗೆ ಕಳಿಸಲಿಲ್ಲ. ತಿದ್ದುಪಡಿ ಪ್ರಕಟವಾಗಲಿಲ್ಲ. ಕಟ್ಟಿಟ್ಟ ಹಳೆಯ ಸಂಪುಟದಲ್ಲಿ ಅಬು ನಾಸರ್ ಇಂದಿಗೂ ಎಡಗೈಯಲ್ಲೇ ಗಹ್ವಾ ಕೊಡುತ್ತಿರಬೇಕು. ದಾಖಲೆ ತಪ್ಪಾಗಿಯೇ ಉಳಿದದ್ದು ನನಗೆ ಬಹಳ ವರ್ಷ ಚುಚ್ಚುತ್ತಿತ್ತು. ಸಾಮಿ ಮರುವಾರವೂ ತಡವಾಗಿಯೇ ಬಂದ. ಕರಾರು ಮುಗಿದ ಮೇಲೆ ತನ್ನ ದ್ವೀಪಕ್ಕೆ ಹಿಂದಿರುಗಿದ. ಮಗಳೊಬ್ಬಳ ಮದುವೆಯ ಫೋಟೋ ಕಳಿಸಿದ್ದ. ಅದರಲ್ಲೂ ಮುಂಭಾಗದಲ್ಲಿ ಚಪ್ಪಲಿಗಳು. ಆಮೇಲೆ ಸುದ್ದಿಯಿಲ್ಲ.

ಈ ಶುಕ್ರವಾರ ಬೆಳಿಗ್ಗೆ ಮೆಸಯೀದಿಗೆ ಹೊರಟೆ. "ಸರಿ ಮಾಡಿದ ಫೋಟೋ ಫೋನಲ್ಲಿ ಉಂಟು ಅಜ್ಜ, ಸದಾನಂದಜ್ಜನಿಗೆ ತೋರಿಸಿ," ಎಂದಳು ಮೊಮ್ಮಗಳು. ಆಯಿತು ಎಂದೆ. ದಾರಿಯಲ್ಲಿ ಒಂದು ಚೀಲ ಮರಗೆಣಸು ಕೊಂಡೆ. ಕಂಪನಿ ಕ್ವಾರ್ಟರ್ಸಿನ ಮುಂದೆ ಕಾರು ನಿಲ್ಲಿಸಿ, ಫೋನನ್ನು ಸೀಟಿನ ಮೇಲೆ ಬಿಟ್ಟೆ. ಸದಾನಂದ ಬಾಗಿಲು ತೆರೆದು, ಚೀಲ ನೋಡಿ, "ಇದೆಂತ ಭಾವ?" ಎಂದ. ನಾನು ಒಳಗೆ ಹೋಗಿ ಕೂತೆ. ಅವನು ಅಡುಗೆಮನೆಗೆ ಹೋಗಿ ಚಾ ಇಟ್ಟ.