ಎಡಗೈಯ ಪಾನಾ

ಪುಣೆಯಲ್ಲಿ ಗಂಡಸರ ಅಂಗಿಗಳ ಅಂಗಡಿ ಇಟ್ಟಿದ್ದ ಕಾಡಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೊಮ್ಮಗಳು ಮಂಜರಿ ಎಡಗೈಯಲ್ಲಿ ಬರೆಯುತ್ತಾಳೆಂದು ಹೆಂಡತಿ ಪಾರವ್ವ ಗದರಿದರಂತೂ ಅದು ನೆತ್ತಿಗೇರುತ್ತಿತ್ತು.

"ಗ್ವಾಡಿ ಮ್ಯಾಲಿನ ಫೋಟೋ ನೋಡು! ನಮ್ಮಪ್ಪ ಎಡಗೈಯಾಗ ಪಾನಾ ಹಿಡಿದು ಯುದ್ಧದ ವಿಮಾನದ ನಟ್ಟು ಬಿಗಿದಾನ. ಇದು ನಮ್ಮ ಮನಿತನದ ಕೈ!"

ಕಾಡಪ್ಪ ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಪುಣೆಯ ಲೋಹಗಾಂವ ವಿಮಾನ ನೆಲೆಯಲ್ಲಿ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ವಿಮಾನದ ಮುಂದೆ ನಿಂತ ಆ ಫೋಟೋ ಬಿಟ್ಟರೆ ಅವನನ್ನು ಕಂಡದ್ದೇ ಇಲ್ಲ.

೧೯೯೮ರಲ್ಲಿ ಆ ಮಾಸಿದ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ. ತರಲು ಹೋದಾಗ ಅಂಗಿ ಮಾರುವವನ ಕಣ್ಣು ಮೊದಲು ಅಪ್ಪನ ಅಂಗಿಯ ಮೇಲೇ ಬಿತ್ತು. ಎಡಗಡೆ ಇರಬೇಕಾದ ಜೇಬು ಬಲ ಎದೆಯ ಮೇಲಿತ್ತು. ಗುಂಡಿಪಟ್ಟಿಯೂ ಹೆಂಗಸರ ಅಂಗಿಯಲ್ಲಿರುವಂತೆ ಮಗ್ಗಲು ಬದಲಿಸಿತ್ತು.

ಸ್ಟುಡಿಯೋದ ದಿಗಂಬರ ನಕ್ಕ. "ಆವಾಗ ಯಾರೋ ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ತೆಗೆದಾರ್ರಿ. ವಿಮಾನದ ಮ್ಯಾಲ ಇರೋದು ಇಂಗ್ಲಿಷ್ 'A' ಒಂದ. ಅದು ಉಲ್ಟಾ ಆದ್ರೂ ಹಾಂಗೇ ಕಾಣ್ತದ, ಅದಕ್ಕ ಯಾರಿಗೂ ಗೊತ್ತಾಗಿಲ್ಲ. ಸೀದಾ ಮಾಡಿ ಕೊಡಲೇನ್ರಿ?"

ಅಂದರೆ ಅಪ್ಪ ಪಾನಾ ಹಿಡಿದಿದ್ದು ಬಲಗೈಯಲ್ಲಿ.

ಜೊತೆಗೆ ಬಂದಿದ್ದ ಮಂಜರಿ ಬೆಂಚಿನ ಮೇಲೆ ಕೂತು, ಎಡಗೈಯಲ್ಲಿ ದುಂಡಗೆ ತನ್ನ ಹೆಸರು ಬರೆಯುತ್ತಿದ್ದಳು. ಅವಳನ್ನೊಮ್ಮೆ ನೋಡಿದವನೇ ಕಾಡಪ್ಪ ದಿಗಂಬರನ ಮೇಲೆ ಹರಿಹಾಯ್ದ:

"ಸೀದಾನೇ ಅದಲೋ ಅದು! ಸುಮ್ನ ಕಟ್ಟು ಹಾಕಿ ಕೊಡು!"