ಹಿಂಗಿನ ಡಬ್ಬಿಯ ತಳದ ಕಾದಂಬರಿ

ಹಿಂಗಿನ ವಾಸನೆಗೆ ವಯಸ್ಸಾಗುವುದಿಲ್ಲ ಎಂದು ನನಗೆ ತಿಳಿದದ್ದು ಮೊನ್ನೆ ಶನಿವಾರ. ಮೊಮ್ಮಗಳ ಡಾನ್ಸ್ ಕ್ಲಾಸಿನ ರವಿಕೆಗೆ ಒಂದು ಗುಂಡಿ ಬೇಕಾಗಿತ್ತು. ಕಪಾಟಿನಿಂದ ನನ್ನ ಗುಂಡಿ ಡಬ್ಬಿ ತೆಗೆದುಕೊಟ್ಟೆ. ಒಂದು ಕಾಲದಲ್ಲಿ ಅದು ಹಿಂಗಿನ ಡಬ್ಬಿ. ಹಿಂಗು ಅದರಿಂದ ಹೊರಬಿದ್ದು ಮೂವತ್ತು ವರ್ಷದ ಮೇಲಾಯಿತು. ಆದರೂ ಮುಚ್ಚಳ ತೆಗೆದ ಕೂಡಲೇ ಹುಡುಗಿ ಮೂಗು ಹಿಡಿದುಕೊಂಡು, “ಅಜ್ಜೀ, ಇಟ್ ಸ್ಮೆಲ್ಸ್!” ಎಂದಳು. ನನಗೋ ಬರ್ಕ್ಲಿಯ ಹಳೆಯ ಅಪಾರ್ಟ್‌ಮೆಂಟು, ಕಿರುಗುಟ್ಟುವ ಮರದ ಮೆಟ್ಟಿಲು, ಕೆಳಗಿನ ಮನೆಯ ನೋರಾ, ಎಲ್ಲವೂ ಆ ಡಬ್ಬಿಯೊಳಗಿಂದಲೇ ಎದ್ದು ಬಂದ ಹಾಗಾಯಿತು.

ಅದು ಎಂಬತ್ತರ ದಶಕದ ನಡುಭಾಗ. ನಾನು ಧಾರವಾಡದಿಂದ ಹೊಸದಾಗಿ ಬಂದವಳು. ನಮ್ಮವರು ಮೈಸೂರಿನವರು, ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಸಾರಿಗೆ ಬೆಲ್ಲ ಎಷ್ಟು ಹಾಕಬೇಕು ಎಂಬುದೊಂದನ್ನು ಬಿಟ್ಟರೆ ನಮ್ಮಿಬ್ಬರಲ್ಲಿ ಜಗಳವಿರಲಿಲ್ಲ. ತವರಿನಲ್ಲಿ ಕಲಿತ ವಿದ್ಯೆಗಳಲ್ಲಿ ಎರಡು ಮಾತ್ರ ನನ್ನೊಡನೆ ಸಮುದ್ರ ದಾಟಿದ್ದವು. ಒಂದು, ಅಡುಗೆಮನೆಯ ಕಪಾಟಿಗೆ ಹಳೆಯ ಕಾಗದ ಹಾಸುವುದು. ಇನ್ನೊಂದು, ಬೇರೆಯವರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸದಿರುವುದು. ಇವೆರಡೂ ಸೇರಿ ಒಂದು ಕಾದಂಬರಿಗೆ ಕುತ್ತು ತಂದವು ಎಂದರೆ ನೀವು ನಂಬಬೇಕು.

ನೋರಾ ಐರ್ಲೆಂಡಿನವಳು, ಎಪ್ಪತ್ತರ ಆಸುಪಾಸಿನ ವಿಧವೆ. ಎರಡನೆಯ ಮಹಾಯುದ್ಧ ಶುರುವಾದಾಗ ಲಂಡನ್ನಿನ ಒಂದು ಕ್ಯಾಂಟೀನಿನಲ್ಲಿ ಚಹಾ ಬಸಿಯುತ್ತಿದ್ದಳಂತೆ. ಊಟದ ಬಿಡುವಿನಲ್ಲಿ ಕೂತು ಬರೆದ ಮೊದಲ ಕಾದಂಬರಿ ಅಚ್ಚಾಯಿತು, ನಾಲ್ಕು ಜನ ಹೊಗಳಿದರು. ಎರಡನೆಯದು ಅಚ್ಚಾಗಿ ಇನ್ನೇನು ಅಂಗಡಿಗೆ ಹೋಗಬೇಕು, ಅಷ್ಟರಲ್ಲಿ ಪ್ರಕಾಶಕರ ಗೋದಾಮಿನ ಮೇಲೆ ಬಾಂಬು ಬಿತ್ತು. ಪ್ರತಿಗಳ ಜೊತೆಗೆ ಹಸ್ತಪ್ರತಿಯೂ ಬೂದಿಯಾಯಿತು. ಆಮೇಲೆ ಅಮೆರಿಕದ ಸೈನಿಕನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಗಂಡ ಓಕ್ಲ್ಯಾಂಡಿನ ಬಂದರಿನಲ್ಲಿ ದುಡಿದ, ತೀರಿಕೊಂಡ. ಈಗ ಅವಳು ಆ ಸುಟ್ಟುಹೋದ ಕಾದಂಬರಿಯನ್ನು ನೆನಪಿನಿಂದ ಮತ್ತೆ ಬರೆಯುತ್ತಿದ್ದಳು.

ಇದಾವುದೂ ನನಗೆ ಮೊದಲಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ನನ್ನ ಒಗ್ಗರಣೆಯ ಘಾಟು ಕೆಳಗಿಳಿದಾಗಲೆಲ್ಲ ಅವಳು ಮೇಲೆ ಹತ್ತಿ ಬರುತ್ತಿದ್ದಳು. ದೂರು ಹೇಳಲು ಅಲ್ಲ, ಡಬ್ಬಿಗಳ ಮುಚ್ಚಳ ತೆಗೆದು ಮೂಸಲು! ಮೆಂತ್ಯ, ಕೊತ್ತಂಬರಿ ಬೀಜ, ಹಿಂಗು, ಒಂದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಸ್ಟೀಲ್ ಡಬ್ಬಿಯ ತುಂಬ ರವೆ ಉಂಡಿ ಕಳಿಸಿ, ನಮ್ಮಲ್ಲಿ ಡಬ್ಬಿ ಬರಿದಾಗಿ ಬರಬಾರದು ಎಂದು ತಮಾಷೆಗೆ ಹೇಳಿದೆ. ವಾರದ ಮೇಲೆ ಬಾಗಿಲ ಮುಂದೆ ಡಬ್ಬಿ ಇತ್ತು. ಒಳಗೆ ನಾಲ್ಕು ಹಾಳೆ. ಗ್ರೋಸರಿ ಅಂಗಡಿಯ ಜಾಹೀರಾತಿನ ಕಾಗದ, ಅದರ ಹಿಂಬದಿಯಲ್ಲಿ ಅಂಚೂ ಬಿಡದೆ ಇರುವೆ ಸಾಲಿನಂಥ ಅಕ್ಷರ. ಯುದ್ಧಕಾಲದಲ್ಲಿ ಕಾಗದಕ್ಕೆ ಬರವಿದ್ದಾಗಿನ ಅಭ್ಯಾಸವಂತೆ ಅದು. ನನಗೇನು ಗೊತ್ತು? ಡಬ್ಬಿ ಒರೆಸಿ ಕಾಗದ ಇಟ್ಟಿದ್ದಾಳೆ, ಅಚ್ಚುಕಟ್ಟು ಹೆಂಗಸು ಎಂದುಕೊಂಡೆ. ಮೂರನ್ನು ಬೇಳೆ ಡಬ್ಬಿಗಳ ಕೆಳಗೆ ಹಾಸಿದೆ. ನಾಲ್ಕನೆಯದನ್ನು ದುಂಡಗೆ ಕತ್ತರಿಸಿ ಹಿಂಗಿನ ಡಬ್ಬಿಯ ತಳಕ್ಕೆ ಹಾಕಿ, ಮೇಲೆ ಗಟ್ಟಿ ಹಿಂಗಿನ ಉಂಡೆ ಇಟ್ಟೆ.

ಎರಡು ದಿನ ಬಿಟ್ಟು ಮೆಟ್ಟಿಲ ಮೇಲೆ ಸಿಕ್ಕಳು. “ಓದಿದೆಯಾ? ಹೇಗಿದೆ?” ಅವಳು ಕೇಳಿದ್ದು ಇಂಗ್ಲಿಷಿನಲ್ಲಿ, ನನಗೆ ಎದೆ ಧಸಕ್ಕೆಂದದ್ದು ಅಚ್ಚ ಕನ್ನಡದಲ್ಲಿ.

“ತುಂಬಾ ಚೆನ್ನಾಗಿದೆ,” ಎಂದುಬಿಟ್ಟೆ.

ಓಡಿಬಂದು ಮೂರು ಹಾಳೆಗಳನ್ನು ಎಬ್ಬಿಸಿ, ಎಣ್ಣೆ ಕಲೆ ಒರೆಸಿ, ಡಿಕ್ಷನರಿ ಹಿಡಿದು ಓದಿ, ಕೊಂಡೊಯ್ದು ಕೊಟ್ಟೆ. ಅವಳು ಎಣಿಸಿದಳು. “ನಾಲ್ಕಿದ್ದವಲ್ಲ?”

“ಇಲ್ಲ, ಮೂರೇ ಇದ್ದವು.”

ನೋರಾ ಹಾಳೆಗಳನ್ನು ಮತ್ತೊಮ್ಮೆ ಎಣಿಸಿದಳು. ಆಮೇಲೆ ಹಣೆ ಒತ್ತಿಕೊಂಡು, “ಹಾಗಾದರೆ ನಾನೇ ಎಲ್ಲೋ ಕಳೆದಿದ್ದೇನೆ. ಅಥವಾ ಬರೆದೇ ಇಲ್ಲವೇನೋ. ಬರೆದೆ ಅಂತ ಅಂದುಕೊಂಡಿರಬೇಕು,” ಎಂದಳು.

ಅಂದಿನಿಂದ ಅವಳು ಬರೆಯುವುದು ನಿಂತಿತು. ನೋಡಿ, ನೆನಪನ್ನೇ ನಂಬಿ ಕೂತವಳು ಅವಳು, ನಾನು ಅದಕ್ಕೇ ಕಲ್ಲು ಹಾಕಿದ್ದೆ. ಡಬ್ಬಿಗಳಲ್ಲಿ ಸೇಬು ಬರತೊಡಗಿತು. ನನಗೆ ಅನ್ನ ಸೇರುತ್ತಿರಲಿಲ್ಲ. ನಮ್ಮವರಿಗೆ ಹೇಳಿದೆ. “ಅಯ್ಯೋ, ಹೋಗಿ ಸಾರಿ ಹೇಳ್ಬಿಡೇ, ಅದಕ್ಯಾಕೆ ಇಷ್ಟೊಂದು ಟೆನ್ಷನ್ನು?” ಎಂದರು. ಹೇಳಲೆಂದು ಮೂರು ಸಲ ಕೆಳಗಿಳಿದೆ. ಮೂರು ಸಲವೂ ಹವೆಯ ಬಗ್ಗೆ ಮಾತಾಡಿ ಮೇಲೆ ಬಂದೆ.

ಯುಗಾದಿಗೆ ಊಟಕ್ಕೆ ಕರೆದೆ. ಒಬ್ಬಟ್ಟು ತಿಂದಳು. ಒಳಗೆ ನಮ್ಮ ಎಳೆ ಮಗು ಅತ್ತಿತೆಂದು ಎದ್ದು ಹೋಗಿ, ಮಲಗಿಸಿ ಬರುವಷ್ಟರಲ್ಲಿ ಕಾಲು ಗಂಟೆಯಾಯಿತು. ಹೊರಗೆ ಬಂದರೆ ನೋರಾ ಕುರ್ಚಿಯಲ್ಲಿ ಕೂತು ಬೆರಳು ಮೂಸಿಕೊಳ್ಳುತ್ತಿದ್ದಳು. ಮುಖ ಅರಳಿತ್ತು. ಒಬ್ಬಟ್ಟಿನ ಮಹಿಮೆ ಎಂದುಕೊಂಡು ಬೀಗಿದೆ. ಬಾಗಿಲಲ್ಲಿ ನಿಂತು, “ನನಗೇನಾದರೂ ಹೇಳುವುದಿದೆಯಾ?” ಎಂದು ಕೇಳಿದಳು. “ಮೆಟ್ಟಿಲು ನೋಡಿಕೊಂಡು ಇಳಿಯಿರಿ,” ಎಂದೆ. ಹೇಡಿ ನಾನು.

ಮರುವಾರದಿಂದ ಡಬ್ಬಿಯಲ್ಲಿ ಮತ್ತೆ ಹಾಳೆಗಳು. ಯಾಕೆ ಮತ್ತೆ ಶುರುಮಾಡಿದಳೋ ನಾನು ಕೇಳಲಿಲ್ಲ. ಒಂದೊಂದನ್ನೂ ಓದಿ, ಅನಿಸಿದ್ದನ್ನೇ ಹೇಳಿದೆ. “ಈ ಹುಡುಗಿ ಇಲ್ಲಿ ಅಳೋದಿಲ್ಲ, ಮೊದಲು ಪಾತ್ರೆ ತೊಳೀತಾಳೆ” ಎಂದರೆ, ತಕ್ಷಣ ಪೆನ್ಸಿಲ್ ತೆಗೆದು ತಿದ್ದುವಳು. ಕಾದಂಬರಿ ಮುಗಿಯಿತು. ಅಚ್ಚು ಹಾಕುವವರು ಸಿಗಲಿಲ್ಲ. ನಾವು ಯೂನಿಯನ್ ಸಿಟಿಗೆ ಮನೆ ಬದಲಿಸಿದ ವರ್ಷವೇ ನೋರಾ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹಾಳೆಗಳ ಗಂಟು ಯಾರ ಪಾಲಾಯಿತೋ ತಿಳಿಯದು. ಹಿಂಗಿನ ಡಬ್ಬಿಯ ತಳ ನೋಡುವ ಧೈರ್ಯ ನನಗಿರಲಿಲ್ಲ. ಹಿಂಗು ತೆಗೆದು, ಆ ಕಾಗದದ ಮೇಲೆ ಗುಂಡಿಗಳನ್ನು ಸುರಿದು ಮುಚ್ಚಿಟ್ಟೆ.

ಮೊನ್ನೆ ಮೊಮ್ಮಗಳು ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಉಗುರಿನಿಂದ ಆ ದುಂಡು ಕಾಗದವನ್ನು ಎತ್ತಿದಳು. “ಅಜ್ಜೀ, ಸಮ್‌ಬಡಿ ರೋಟ್ ಆನ್ ದ ಬ್ಯಾಕ್.” ಜಾಹೀರಾತಿನ ಬದಿಯಲ್ಲಿ, ಅಚ್ಚಾದ ಟೊಮ್ಯಾಟೊ ಚಿತ್ರದ ಪಕ್ಕ, ಪೆನ್ಸಿಲಿನ ಇರುವೆ ಸಾಲು:

‘ಸದ್ಯ, ಕಳೆದದ್ದು ನಾನಲ್ಲ. ಇದು ಇಲ್ಲೇ ಇರಲಿ, ನಾನು ಮತ್ತೊಮ್ಮೆ ಬರೆದುಕೊಳ್ಳುತ್ತೇನೆ. ಆದರೆ ಓದಿದೆಯಾ? ಹೇಗಿದೆ?’

ಯುಗಾದಿಯ ಆ ಕಾಲು ಗಂಟೆ! ನನಗೆ ಅಳು ಬಂತು, ನಾಚಿಕೆಯೂ ಆಯಿತು. ಕನ್ನಡಕ ಹಾಕಿಕೊಂಡು ಕಾಗದ ತಿರುಗಿಸಿ, ಕೊನೆಗೂ ನಾಲ್ಕನೆಯ ಹಾಳೆ ಓದಿದೆ. ನನ್ನ ಕತ್ತರಿಗೆ ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಮಾತುಗಳು ಬಲಿಯಾಗಿವೆ. ಉಳಿದದ್ದರಲ್ಲಿ, ಗೋಡೆ ಕುಸಿದ ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಉಳಿದ ಎರಡು ಕಪ್ಪು ತೊಳೆದಿಡುತ್ತಾಳೆ. ಒಂದು ಅವಳಿಗೆ, ಇನ್ನೊಂದು ಯಾರಾದರೂ ಬಂದರೆ.

“ಓದೀನಿ, ನೋರಾ,” ಎಂದೆ, ಗಟ್ಟಿಯಾಗಿ, ಧಾರವಾಡದ ಮಾತಿನಲ್ಲೇ. “ಆ ಎರಡನೇ ಕಪ್ಪು ಭಾಳ ಛಲೋ ಅದ. ಕತ್ತರಿ ಹಾಕಿದಾಕಿ ನಾನಽ.”

“ಅಜ್ಜೀ, ಹೂ ಆರ್ ಯು ಟಾಕಿಂಗ್ ಟು?” ಎಂದಳು ಮೊಮ್ಮಗಳು. ಅವಳಿಗೆ ಗುಂಡಿ ಹುಡುಕಿ ಕೊಟ್ಟೆ. ಕಾಗದ ಡಬ್ಬಿಯೊಳಗೆ ವಾಪಸು ಹೋಗಲಿಲ್ಲ.